ಪಡುವಣ ಗೋಡೆಯ ಸುದ್ದಿ ಎತ್ತಿದ ಮೇಸ್ತ್ರಿಯವರಿಗೆ

ಕೋಲಾರದ ಹೊರವಲಯದ ನಮ್ಮ ನಿವೇಶನದಲ್ಲಿ ಪಾಯದ ಗುರುತು ಹಾಕುತ್ತಿದ್ದ ದಿನ, ದಾರಿಯಲ್ಲಿ ಹೋಗುತ್ತಿದ್ದ ಹಿರಿಯ ಗಾರೆ ಮೇಸ್ತ್ರಿಯೊಬ್ಬರು ಸುಣ್ಣದ ಗೆರೆಗಳನ್ನು ಒಂದು ಸುತ್ತು ನೋಡಿ, "ಮಲಗೋ ಕೋಣೆ ಪಡುವಣಕ್ಕೆ ಯಾಕಿಟ್ಟಿರಿ ಸ್ವಾಮಿ? ಏಪ್ರಿಲ್‌ನಲ್ಲಿ ರಾತ್ರಿ ಹತ್ತಾದರೂ ಆ ಗೋಡೆ ಆರೋದಿಲ್ಲ" ಎಂದರು. ಹೆಸರು ಕೇಳುವಷ್ಟರಲ್ಲಿ ಹೊರಟುಹೋದ ಅವರಿಗೆ ಈ ಬರಹದ ಮೂಲಕ ನಮ್ಮ ಮನೆಯವರೆಲ್ಲರ ಧನ್ಯವಾದಗಳು.

ಅವರ ಮಾತಿನಂತೆ ಮೆಟ್ಟಿಲು, ಬಚ್ಚಲು, ಉಗ್ರಾಣಗಳನ್ನು ಪಡುವಣಕ್ಕೆ ಸರಿಸಿ, ಅಲ್ಲಿನ ಕಿಟಕಿಗಳನ್ನು ಕಿರಿದಾಗಿಸಿ, ಮಂಡಿನೋವಿರುವ ಅಮ್ಮನ ಕೋಣೆಯನ್ನು ಮೂಡಣದಲ್ಲಿ, ಅಡುಗೆಮನೆಗೆ ತಾಗಿದಂತೆ ಕಟ್ಟಿಸಿದೆವು. (ವಾಸ್ತು ನೋಡಿದವರು ಮುಖ ಸಿಂಡರಿಸಿದರು, ಅದಿರಲಿ.) ಈಗ ಅಮ್ಮ ಬೆಳಗಿನ ಎಳೆಬಿಸಿಲಿನಲ್ಲಿ ಮಂಚದ ಮೇಲೆಯೇ ಕುಳಿತು, ನೆನೆಸಿದ ಅವರೆಕಾಳು ಹಿಸುಕುತ್ತ, ಒಲೆಯ ಮುಂದಿನ ಸೊಸೆಯೊಡನೆ ಮಾತನಾಡುತ್ತಾರೆ.

ಹುಲ್ಲು ಹಸಿರಾಗಿದ್ದ ತಗ್ಗಿನ ಮೂಲೆಯನ್ನು ತೋರಿಸಿ, ಮಳೆನೀರಿನ ತೊಟ್ಟಿ ಅಲ್ಲೇ ಇರಲಿ ಎಂದವರೂ ಅವರೇ. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,000 ಲೀಟರ್ ನೀರು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಜಿಲ್ಲೆಯಲ್ಲಿ ಅದು ಸಣ್ಣ ಮಾತಲ್ಲ. ಮೇಸ್ತ್ರಿಯವರೇ, ಆ ದಾರಿಯಲ್ಲಿ ಮತ್ತೆ ಬಂದರೆ ದಯವಿಟ್ಟು ಒಳಗೆ ಬನ್ನಿ.