ಸೀಲು ಹಾಕಿಕೊಡಲಾರೆ, ಪಾರ್ಚ್‌ಮೆಂಟ್

ಪ್ರೀತಿಯ ಪಾರ್ಚ್‌ಮೆಂಟ್,

ನಿನ್ನ ಸಂದೇಶ ಬಂದು ಹನ್ನೊಂದು ದಿನವಾಯಿತು. ತಡವಾದದ್ದಕ್ಕೆ ಮಳೆ, ಕರೆಂಟು, ಮೂಡಿಗೆರೆ ರಸ್ತೆಯ ಚರಂಡಿಗೆ ಇಳಿದ ಪಿಕಪ್‌ಗಳು ಎಂದು ನೆಪ ಹೇಳಬಹುದು. ಮೂರೂ ಸುಳ್ಳಲ್ಲ. ಪ್ರವಾಸಿಗಳು ಕೈಮರ ದಾಟಿ ಗಿರಿಯ ಮಂಜಿನೊಳಗೆ ಕಾರು ನುಗ್ಗಿಸುವ ಈ ಎರಡು ತಿಂಗಳು ನನ್ನಂಥ ವಿಮಾ ಸರ್ವೇಯರುಗಳಿಗೆ ಸುಗ್ಗಿ. ನಿನ್ನೆಯೂ ಒಂದು ಕಾರಿನ ಕೆಳಗೆ ತೂರಿ, ಎಂಜಿನ್ ಆಯಿಲಿನ ಚೇಂಬರ್ ಒಡೆದಿದೆಯೇ ಎಂದು ನೋಡಿ ಬಂದೆ. ಅಂಗಿ ಇನ್ನೂ ಒಣಗಿಲ್ಲ. ಆದರೆ ತಡವಾದ ನಿಜವಾದ ಕಾರಣ ಬೇರೆ. ಧೈರ್ಯ ಉಳಿದಿದ್ದರೆ ಕೊನೆಗೆ ಹೇಳುತ್ತೇನೆ.

ಇದನ್ನು ಎಲ್ಲರೂ ಓದುವ ಜಾಗದಲ್ಲಿ ಹಾಕಿದ್ದಕ್ಕೆ ಬೈಯುತ್ತೀಯ, ಗೊತ್ತು. ನಿನಗೊಬ್ಬನಿಗೇ ಬರೆದರೆ ಎರಡು ಸಾಲು ಓದಿ, ಹೆಬ್ಬೆರಳಿನ ಚಿತ್ರ ಕಳುಹಿಸಿ ಮಲಗುತ್ತೀಯ. ನಾಲ್ಕು ಜನ ನೋಡುತ್ತಿದ್ದಾರೆ ಎಂದರೆ ಮಾತ್ರ ಪೂರ್ತಿ ಓದುವ ಆಸಾಮಿ ನೀನು. (ಉಳಿದವರು ಇವನಿಗೆ ಪಾರ್ಚ್‌ಮೆಂಟ್ ಎಂಬ ಕಾಫಿ ಬೀಜದ ಹೆಸರು ಹೇಗೆ ಬಂತೆಂದು ಕೇಳಬೇಡಿ. ಕಣ, ಟಾರ್ಪಾಲು ಮತ್ತು ಒಬ್ಬ ಹೆಡ್‌ಮಾಸ್ತರರು ಸೇರಿದ ಕಥೆ ಅದು.)

ಮೊದಲು ನಿನ್ನ ಕಾರಿನ ವಿಷಯ. ಇನ್ನೂ ನಿನ್ನದಾಗಿಲ್ಲ ಬಿಡು, ಪಕ್ಕದ ಮನೆಯ ಅಜ್ಜಿಯ ಕಾರು. ಆಕೆಯ ಗಂಡ 1978ರಲ್ಲಿ ಹೊಸದಾಗಿ ಕೊಂಡು, ಹೊದಿಕೆ ಹೊದಿಸಿ, ಸೀಟಿನ ಪ್ಲಾಸ್ಟಿಕ್ಕನ್ನೂ ಕೀಳದೆ ಗ್ಯಾರೇಜಿನಲ್ಲಿ ಇಟ್ಟು ಹೋದ ಕಪ್ಪು–ಬೆಳ್ಳಿ ಬಣ್ಣದ ಕಾರ್ವೆಟ್, ಷೆವರ್ಲೆ ಕಂಪನಿಯ ಸ್ಪೋರ್ಟ್ಸ್ ಕಾರು. "ಇದೇ ನಮ್ಮ ಮುಪ್ಪಿನ ಗಂಟು" ಎಂದು ಹೇಳುತ್ತಿದ್ದನಂತೆ. ಈಗ ಅಜ್ಜಿ ಬೆಲೆ ಕೇಳುತ್ತಿದ್ದಾಳೆ, ನಿನಗೆ ಕೊಳ್ಳುವ ಆಸೆ. ಅದಕ್ಕೆ, "ನೀನು ಸರ್ವೇಯರ್ ಅಲ್ಲವೇ, ಇಷ್ಟೇ ಬಾಳುತ್ತದೆ ಎಂದು ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು ಸೀಲು ಹಾಕಿ ಕಳುಹಿಸು, ತೋರಿಸುತ್ತೇನೆ" ಎಂದು ನನಗೆ ಅಪ್ಪಣೆ.

ಚಿಕ್ಕಮಗಳೂರಿನ ಸೀಲು ಅಮೆರಿಕದ ಇಂಡಿಯಾನಾದಲ್ಲಿ ನಡೆಯುತ್ತದೆ ಎಂದು ನಂಬಿರುವ ಏಕೈಕ ಮನುಷ್ಯ ನೀನು. ಆದರೂ ಹನ್ನೊಂದು ರಾತ್ರಿ ಅದೇ ಕಾರಿನ ಬಗ್ಗೆ ಓದಿದೆ. ಹೆಂಡತಿ ನನಗೆ ಏನೋ ಹೊಸ ಚಟ ಅಂಟಿದೆ ಎಂದುಕೊಂಡಿದ್ದಾಳೆ.

ಸಂಗತಿ ಹೀಗಿದೆ. ಕಾರ್ವೆಟ್ ಹುಟ್ಟಿದ್ದು 1953ರಲ್ಲಿ. ಆ ವರ್ಷ ತಯಾರಾದದ್ದು ಮುನ್ನೂರೇ ಕಾರು, ಎಲ್ಲವೂ ಬಿಳಿ. 1978 ಅದರ ಬೆಳ್ಳಿಹಬ್ಬ. ಅದೇ ವರ್ಷ ನಿಮ್ಮೂರಿನ ಇಂಡಿಯಾನಾಪೊಲಿಸ್ 500 ಪಂದ್ಯದಲ್ಲಿ, ಓಟ ಶುರುವಾಗುವ ಮೊದಲು ಎಲ್ಲ ಕಾರುಗಳನ್ನು ಹಿಂದೆ ಹಾಕಿಕೊಂಡು ಸುತ್ತು ಬರುವ ಪೇಸ್ ಕಾರಿನ ಗೌರವವೂ ಅದಕ್ಕೆ ಮೊದಲ ಸಲ ಸಿಕ್ಕಿತು. ಅದರ ನೆನಪಿಗೆ ಕಂಪನಿ ಅದೇ ರೂಪದ ಕಾರುಗಳನ್ನು ಮಾರಿತು: ಮೇಲೆ ಕಪ್ಪು, ಕೆಳಗೆ ಬೆಳ್ಳಿ, ನಡುವೆ ಕೆಂಪು ಗೆರೆ. ಬಾಗಿಲಿಗೆ ಅಂಟಿಸುವ ಅಕ್ಷರಗಳು ಕಾರಿನ ಜೊತೆಗೇ ಬರುತ್ತಿದ್ದವು, ಬೇಕಾದವರು ಅಂಟಿಸಿಕೊಳ್ಳಬಹುದಿತ್ತು. ಸಾದಾ ಕಾರ್ವೆಟ್‌ಗೆ 9,351 ಡಾಲರ್ ಚಿಲ್ಲರೆಯಾದರೆ ಇದಕ್ಕೆ 13,653. ಆ ಮಾರ್ಚಿನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಮುಖಪುಟದಲ್ಲಿ ಇದರ ಸುದ್ದಿ ಬಂದದ್ದೇ ತಡ, ಜನ ಮುಗಿಬಿದ್ದರು. ಡೀಲರುಗಳು ಚೀಟಿಯಲ್ಲಿ ಬರೆದ ಬೆಲೆಯ ಎರಡು ಪಟ್ಟು ಕೇಳಿದರು. ಕೊಂಡವರಲ್ಲಿ ಎಷ್ಟೋ ಜನ ಓಡಿಸಲಿಕ್ಕೆ ಕೊಳ್ಳಲೇ ಇಲ್ಲ. ನೇರವಾಗಿ ಗ್ಯಾರೇಜು, ಹೊದಿಕೆ, ಬೀಗ.

ಒಟ್ಟು ತಯಾರಾದದ್ದು 6,502. ಪೆಟ್ಟು ಬಿದ್ದದ್ದು ಅಲ್ಲೇ. ಎಲ್ಲರೂ ಜೋಪಾನ ಮಾಡಿದ್ದರಿಂದ ಎಲ್ಲರದೂ ಉಳಿಯಿತು. ಯಾರದೂ ತುಕ್ಕು ಹಿಡಿಯಲಿಲ್ಲ, ಯಾರ ಮಗನೂ ಮರಕ್ಕೆ ಗುದ್ದಲಿಲ್ಲ. ಹಾಗಾದ ಮೇಲೆ ಅಪರೂಪ ಎಲ್ಲಿಂದ ಬರಬೇಕು? ನೀನು ಕಾಫಿಯವನ ಮಗ, ನಿನಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1994ರಲ್ಲಿ ಬ್ರೆಜಿಲ್‌ನ ತೋಟಗಳ ಮೇಲೆ ಹಿಮ ಬಿದ್ದು ಗಿಡ ಕರಕಲಾದಾಗ ತಾನೇ ಆಲ್ದೂರಿನ ಚೀಲಕ್ಕೆ ಬಂಗಾರದ ಬೆಲೆ ಬಂದದ್ದು, ನೀನು ಹಾಸನದ ಎಂಜಿನಿಯರಿಂಗ್ ಕಾಲೇಜು ಸೇರಿದ್ದು? ಪಾಪ, ಆ ಅಜ್ಜಿಯ ಗಂಡನ ಪಾಲಿಗೆ ಯಾವ ಬ್ರೆಜಿಲ್‌ನಲ್ಲೂ ಹಿಮ ಬೀಳಲಿಲ್ಲ.

ಹಾಗಾಗಿ ನನ್ನ ಅಂದಾಜು, ಸೀಲಿಲ್ಲದೆ. ಮೊದಲು ಚಾಸಿ ಸಂಖ್ಯೆ ನೋಡು. ಮುಂದಿನ ಗಾಜಿನ ಎಡ ಮೂಲೆಯಲ್ಲಿ, ಹೊರಗೆ ನಿಂತರೇ ಓದಲು ಸಿಗುತ್ತದೆ. ಕೊನೆಯ ಆರು ಅಂಕಿ 900001ರಿಂದ 906502ರೊಳಗೆ ಇರಬೇಕು. 4ರಿಂದ ಶುರುವಾದರೆ ಯಾರೋ ಸಾದಾ ಕಾರಿಗೆ ಬಣ್ಣ ಬಳಿದು ವೇಷ ಹಾಕಿಸಿದ್ದಾರೆ ಎಂದೇ ಅರ್ಥ. ಅದೇ ಸಾಲಿನ ಐದನೆಯ ಗುರುತು ಎಲ್ ಆಗಿದ್ದರೆ 185 ಅಶ್ವಶಕ್ತಿಯ ಎಂಜಿನ್, 4 ಆಗಿದ್ದರೆ 220ರದು. ಎರಡನೆಯದಕ್ಕೆ ಗಿರಾಕಿ ಜಾಸ್ತಿ. ಕೈಗೇರು ಇದ್ದರೆ ಇನ್ನೂ ಒಳ್ಳೆಯದು. ಅಂಟಿಸದ ಅಕ್ಷರಗಳು, ಕಿಟಕಿಯ ಬೆಲೆಚೀಟಿ, ಮೊದಲ ಬಿಲ್ಲು ಇವೆಯೇ ಕೇಳು. ನಿಂತ ಗಾಡಿ ಹೊಸ ಗಾಡಿ ಎಂದು ಮಾತ್ರ ತಿಳಿಯಬೇಡ. ಬ್ರೇಕಿನ ರಬ್ಬರು ಒಣಗಿ ಬಿರಿದಿರುತ್ತದೆ, ಟ್ಯಾಂಕಿನ ಪೆಟ್ರೋಲು ಅಂಟಾಗಿರುತ್ತದೆ, ಟೈರುಗಳು ನೋಡಲು ಕರ್ರಗೆ ಹೊಳೆದರೂ ಓಡುವಂತಿರುವುದಿಲ್ಲ. ಕಾರ್ವೆಟ್‌ನ ಮೈ ತಗಡಲ್ಲ, ಫೈಬರ್ ಗ್ಲಾಸ್. ನಮ್ಮ ವಿಮೆಯ ಕೋಷ್ಟಕದಲ್ಲಿ ಫೈಬರ್ ಭಾಗಗಳಿಗೆ ಶೇ 30 ಸವಕಳಿ, ರಬ್ಬರು–ಪ್ಲಾಸ್ಟಿಕ್ಕಿಗೆ ಶೇ 50, ಗಾಜಿಗೆ ಸೊನ್ನೆ. ಮುಪ್ಪಿಲ್ಲದಿರುವುದು ಗಾಜೊಂದಕ್ಕೇ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಎಲ್ಲ ಸರಿಯಿದ್ದರೂ ಇಂಥ ಕಾರುಗಳಲ್ಲಿ ಹೆಚ್ಚಿನವು ಇಪ್ಪತ್ತು ಮೂವತ್ತು ಸಾವಿರ ಡಾಲರಿನ ಆಸುಪಾಸಿನಲ್ಲೇ ಕೈ ಬದಲಾಯಿಸುತ್ತವೆ. ತೀರಾ ಕಡಿಮೆ ಓಡಿದ್ದು, ಕಾಗದಪತ್ರ ಪೂರ್ತಿ ಇರುವುದು ಅದಕ್ಕಿಂತ ಮೇಲೆ ಹೋಗುತ್ತದೆ. ಆದರೆ 1978ರ ಆ 13,653 ಡಾಲರನ್ನು ಇವತ್ತಿನ ಹಣಕ್ಕೆ ತಿರುಗಿಸಿದರೇ ಅರವತ್ತು ಸಾವಿರ ದಾಟುತ್ತದೆ. ಅಷ್ಟು ವರ್ಷ ಕೂಡಿಟ್ಟ ಗಂಟು ಕರಗಿದೆ. ಇದನ್ನು ಅಜ್ಜಿಗೆ ಹೇಳಬೇಕಾದವನು ನೀನು. ಕೊಳ್ಳುವವನೂ ನೀನೇ. ಅಲ್ಲೇ ನನಗೆ ಮುಳ್ಳು ಚುಚ್ಚಿದ್ದು.

ನಿನಗೆ ಜೀಪು ನೆನಪಿದೆಯೇ? ಇದೇನು ಪ್ರಶ್ನೆ, ನೀನು ಗೇರು ಹಾಕುವುದನ್ನು ಕಲಿತದ್ದೇ ಅದರಲ್ಲಿ. ನಿನ್ನ ಅಪ್ಪಯ್ಯನ ಡಿಸ್ಪೋಸಲ್ ಜೀಪು, ಅಂದರೆ ಸೈನ್ಯ ಬಳಸಿ ಮಾರಿದ್ದು, ಲೋ ಬಾನೆಟ್, ಹಿಂದೆ ಟ್ರೈಲರಿಗೆ ಕೊಕ್ಕೆ. 2002ರಲ್ಲಿ ಕಾಫಿ ಬೆಲೆ ಪಾತಾಳ ಕಂಡಿತ್ತು. ಕೊಯ್ಲಿನ ಕೂಲಿಗೇ ಗಿಟ್ಟುತ್ತಿರಲಿಲ್ಲ. ನಿನ್ನ ವೀಸಾ ಬಂತು, ಟಿಕೆಟ್ಟಿಗೆ ಹಣ ಬೇಕಾಯಿತು. ಅಪ್ಪಯ್ಯ ನನ್ನನ್ನು ಕರೆಸಿ, "ನೀನು ಈಗ ಗಾಡಿಗಳಿಗೆ ಬೆಲೆ ಕಟ್ಟುವವನಾಗಿದ್ದೀಯಲ್ಲ ಮಾರಾಯ, ಇದಕ್ಕೆ ಎಷ್ಟು ಬರಬಹುದು ನೋಡು" ಎಂದರು.

ನಾನು ಕಣದ ಪಕ್ಕದ ಕೊಟ್ಟಿಗೆಯಲ್ಲಿ ಜೀಪಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತೆ. ಬಂಪರಿನ ಹತ್ತಿರದ ಒಂದು ಬೋಲ್ಟಿನ ಮೇಲಿದ್ದ ಗ್ರೀಸು, ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜಿದೆ. ತಲೆಯ ಮೇಲೆ ಪುಟ್ಟದಾಗಿ ಎಫ್ ಅಕ್ಷರ ಒಡೆದು ಕಂಡಿತು. ಇನ್ನೊಂದನ್ನು ಉಜ್ಜಿದೆ. ಅಲ್ಲೂ ಎಫ್. ಚಾಸಿಯ ಮುಂದಿನ ಅಡ್ಡಪಟ್ಟಿ ದುಂಡು ಕೊಳವೆಯಲ್ಲ, ಬೋರಲು ಹಾಕಿದ ದೋಣಿಯ ಹಾಗೆ ಚೌಕ. ನಾವೆಲ್ಲ ವಿಲ್ಲಿಸ್ ಕಂಪನಿಯದು ಎಂದುಕೊಂಡಿದ್ದ ಗಾಡಿ ಯುದ್ಧಕಾಲದಲ್ಲಿ ಫೋರ್ಡ್ ಕಂಪನಿ ಕಟ್ಟಿದ ಜಿಪಿಡಬ್ಲ್ಯೂ. ಆ ಕಂಪನಿ ತನ್ನ ಬೋಲ್ಟುಗಳ ಮೇಲೂ ತನ್ನ ಅಕ್ಷರ ಒತ್ತಿತ್ತು. ಹಳೆಯ ಗಾಡಿಗಳನ್ನು ಕೂಡಿಸುವವರು ಆ ಅಕ್ಷರಕ್ಕೇ ಹಣ ಕೊಡುತ್ತಾರೆ.

ಆ ಅಕ್ಷರ ನನಗೆ ಆಕಸ್ಮಿಕವಾಗಿ ಕಂಡದ್ದಲ್ಲ. ಎಲ್ಲಿ ಉಜ್ಜಬೇಕು ಎಂದು ಬೆಂಗಳೂರಿನ ಒಬ್ಬ ಗಿರಾಕಿ ನನಗೆ ಮೊದಲೇ ಹೇಳಿಕೊಟ್ಟಿದ್ದ. ಮಲೆನಾಡಿನ ತೋಟಗಳಲ್ಲಿ ಇಂಥದ್ದು ಕಂಡರೆ ತಿಳಿಸು ಎಂದಿದ್ದ.

ನಾನು ಎದ್ದು ಕೈ ಒರೆಸಿಕೊಂಡು, "ಮೂವತ್ತೆಂಟು ಸಾವಿರ ಬಂದರೆ ಹೆಚ್ಚು" ಎಂದೆ. ಅಪ್ಪಯ್ಯ ಚೌಕಾಸಿ ಮಾಡಲಿಲ್ಲ. "ನೀನು ಹೇಳಿದ ಮೇಲೆ ಮುಗಿಯಿತು" ಎಂದರು. ಆ ವಾರವೇ ಗಾಡಿ ವರ್ಗಾವಣೆಯ ಫಾರಂ 29ಕ್ಕೆ ರುಜು ಹಾಕಿದರು. ಗಾಡಿ ಹೊರಡುವ ಹೊತ್ತಿಗೆ ಸೀಟಿನ ಹಿಂದಿದ್ದ ಕಂಬಳಿ ಕೊಪ್ಪೆಯನ್ನು ತೆಗೆದುಕೊಂಡರು. ಅದರ ಅಂಚಿನಿಂದಲೇ ಸ್ಟಾರ್ಟು ಮಾಡುವ ಹ್ಯಾಂಡಲನ್ನು ಚೆನ್ನಾಗಿ ಒರೆಸಿ, ಕೊಂಡವನ ಕೈಗೆ ಕೊಟ್ಟರು. ವರ್ಷ ತುಂಬುವುದರೊಳಗೆ ಅದು ನಾಲ್ಕು ಪಟ್ಟಿಗೆ ಮಾರಾಟವಾಯಿತು ಎಂದು ಆ ಗಿರಾಕಿಯೇ ನನಗೆ ಖುಷಿಯಿಂದ ಹೇಳಿದ. ನನಗೆ ಅವನು ಕೊಟ್ಟದ್ದು ಮೂರು ಸಾವಿರ.

ಎಷ್ಟೋ ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಅಪ್ಪಯ್ಯ ಸಿಕ್ಕಿದ್ದರು. "ಬೆಂಗಳೂರಿನಲ್ಲಿ ಹಳೇ ಗಾಡಿಗಳ ಮೆರವಣಿಗೆ ಆಯಿತಂತೆ. ಪೇಪರಿನಲ್ಲಿ ಒಂದು ಜೀಪಿನ ಫೋಟೋ ಇತ್ತು, ನಮ್ಮದರ ಹಾಗೇ. ನೋಡಿದೆಯಾ?" ಎಂದರು. ನೋಡಿದ್ದೆ. ಇಲ್ಲ ಎಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಬಾ, ಕಾಫಿ ಕುಡಿಯೋಣ" ಎಂದರು. ಬೇಡವೆಂದರೂ ಕೇಳದೆ ಅವರೇ ಹಣ ಕೊಟ್ಟರು. ಅವರಿಗೆ ಗೊತ್ತಿತ್ತೋ ಇಲ್ಲವೋ ಎಂದು ಕೇಳುವುದಕ್ಕೆ ಈಗ ಅವರಿಲ್ಲ. ಅವರ ತಿಥಿಗೆ ನಾನು ಬರದಿದ್ದಾಗ ನೀನು ಮುನಿಸಿಕೊಂಡಿದ್ದೆ. ಜ್ವರ ಎಂದಿದ್ದೆ. ಜ್ವರ ಇರಲಿಲ್ಲ.

ಇಷ್ಟು ಬರೆಯುತ್ತೇನೆ ಎಂದು ಶುರು ಮಾಡುವಾಗ ಅಂದುಕೊಂಡಿರಲಿಲ್ಲ. ಅಳಿಸೋಣ ಎಂದು ಎರಡು ಸಲ ಬೆರಳು ಹೋಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಲ್ಲಿ ಅಳಿಸಲು ಹೋಗಿ ಇನ್ನೇನನ್ನಾದರೂ ಕಳುಹಿಸಿಬಿಟ್ಟರೆ ಎಂದು ಹಾಗೇ ಬಿಟ್ಟೆ. ನನ್ನ ಪ್ರಾಮಾಣಿಕತೆಯಲ್ಲಿ ಅರ್ಧ ಪಾಲು ವಿದ್ಯುತ್ ಇಲಾಖೆಗೆ ಸೇರಬೇಕು.

ಇನ್ನೊಂದು ಬಾಕಿ ಇದೆ. ನೀನು ಹೊರಡುವ ಹಿಂದಿನ ರಾತ್ರಿ ಹನುಮಂತಪ್ಪ ವೃತ್ತದ ಹತ್ತಿರ ಕಡುಬು, ಕೋಳಿ ಸಾರು ಕೊಡಿಸಿದ್ದೆನಲ್ಲ? "ಕೆಲಸ ಸಿಕ್ಕಿ ನಾಲ್ಕು ತಿಂಗಳಾಗಿಲ್ಲ, ಇಷ್ಟು ಖರ್ಚು ಮಾಡುತ್ತೀಯಲ್ಲೋ" ಎಂದು ನೀನು ಕಣ್ಣು ತುಂಬಿಕೊಂಡಿದ್ದೆ. ನಿನ್ನ ಮದುವೆಯಲ್ಲೂ ಮೈಕು ಹಿಡಿದು ಅದನ್ನೇ ಹೇಳಿದೆ. ಆ ಬಿಲ್ಲು ಏಳುನೂರ ನಲವತ್ತು ರೂಪಾಯಿ. ಕೊಟ್ಟದ್ದು ಜೀಪಿನ ಆ ಮೂರು ಸಾವಿರದಿಂದ, ಅಂದರೆ ಕೊಟ್ಟವನು ನೀನೇ. ಉಳಿದ ಹಣದಲ್ಲಿ ನಾನು ಒಂದು ಚರ್ಮದ ಚೀಲ ಕೊಂಡೆ. ಅದರ ಜಿಪ್ಪು ಎರಡು ಸಲ ಬದಲಾಗಿದೆ, ಚೀಲ ಅದೇ. ಸೀಲು ಇರುವುದು ಅದರ ಒಳಜೇಬಿನಲ್ಲಿ.

ಹಾಗಾಗಿ ಅಜ್ಜಿಯ ಕಾರಿಗೆ ಸೀಲು ಕೇಳಬೇಡ. ನಿನಗೂ ಸಂಬಂಧವಿಲ್ಲದ, ನನಗೂ ಸಂಬಂಧವಿಲ್ಲದ ಒಬ್ಬನನ್ನು ಕರೆಸಿ ಆಕೆಯೇ ಬೆಲೆ ಕಟ್ಟಿಸಲಿ, ಅವನ ಫೀಸು ನೀನು ಕೊಡು. ಅವನು ಹೇಳಿದ ಬೆಲೆ ನಿನಗೆ ದುಬಾರಿ ಎನಿಸಿದರೆ ಕೊಳ್ಳಬೇಡ. ನಿನ್ನ ಸೊಂಟ ನೋಡಿದರೆ ಆ ಕಾರಿನಲ್ಲಿ ಕೂರುವುದಿರಲಿ, ಕೂತ ಮೇಲೆ ಏಳುವುದಕ್ಕೆ ಕ್ರೇನು ಬೇಕಾದೀತು.

ನನ್ನ ಲೆಕ್ಕಕ್ಕೆ ಬಂದರೆ, ನಮ್ಮ ವಿಮೆಯಲ್ಲಿ ಇಡೀ ಗಾಡಿಗೆ ಬೆಲೆ ಕಟ್ಟುವ ಸವಕಳಿಯ ಕೋಷ್ಟಕ ಇರುವುದು ಐದು ವರ್ಷದವರೆಗೆ ಮಾತ್ರ. ಅದು ದಾಟಿದ ಗಾಡಿಗೆ ಎರಡೂ ಕಡೆಯವರು ಕೂತು ಒಪ್ಪಿಕೊಂಡದ್ದೇ ಮೌಲ್ಯ. ಡಿಸೆಂಬರಿನಲ್ಲಿ ಬಂದಾಗ ಕೂರೋಣ. ಬೈಯುವುದಿದ್ದರೆ ಆಗ ಬೈದುಬಿಡು, ಇಲ್ಲಿ ಎಲ್ಲರ ಮುಂದೆ ಬೇಡ. ನನ್ನ ಸೋದರಮಾವಂದಿರು ಓದುತ್ತಾರೆ. ಚೀಲವನ್ನು ತರುತ್ತೇನೆ.

ಹೊದಿಕೆ ಎತ್ತುವ ಮೊದಲು ಒಂದು ಕೋಲಿನಿಂದ ತಟ್ಟು. ಇಷ್ಟು ವರ್ಷ ನಿಂತ ಗಾಡಿಯೊಳಗೆ ಇಲಿ ಸಂಸಾರ ಹೂಡಿರುತ್ತದೆ.

ಇಂತಿ ನಿನ್ನ,
ಏಳನೇ ಇಡ್ಲಿ