ನನ್ನ ಮಗಳ ವರದಿ ಯಾರ ಕೈಯಲ್ಲಿದೆ? ಯುರೋಪಿಯನ್ ಸಂಸತ್ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಜರ್ಮನಿಯಿಂದ ಯುರೋಪಿಯನ್ ಸಂಸತ್ತಿಗೆ ಆಯ್ಕೆಯಾಗಿರುವ ಮಾನ್ಯ ಸದಸ್ಯರಿಗೆ,

ನಮಸ್ಕಾರಗಳು. ನಾನು ಹಾಸನ ಜಿಲ್ಲೆಯಿಂದ ಬಂದು ಜರ್ಮನಿಯಲ್ಲಿ ನೆಲೆಸಿ ಹದಿನಾರು ವರ್ಷಗಳಾದವು. ಇಲ್ಲಿನ ಪೌರತ್ವ ಪಡೆದ ಮೇಲೆ 2024ರ ಜೂನ್ 9ರಂದು ಮೊದಲ ಬಾರಿಗೆ ತಮ್ಮ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕಿದೆ. ಈ ಪತ್ರದ ಜರ್ಮನ್ ಪ್ರತಿಯನ್ನು ತಮ್ಮ ಕಚೇರಿಗೆ ಎರಡು ಸಲ ಕಳುಹಿಸಿದೆ, ಉತ್ತರ ಬರಲಿಲ್ಲ. ಮಕ್ಕಳನ್ನು ಇಲ್ಲಿನ ಶಾಲೆಗಳಿಗೆ ಕಳುಹಿಸುತ್ತಿರುವ ಕನ್ನಡದ ಕುಟುಂಬಗಳಾದರೂ ಓದಲಿ ಎಂದು ಈಗ ಕನ್ನಡದಲ್ಲಿ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಒಂಬತ್ತು ವರ್ಷ. ಅವಳಿಗೆ ಮಾತು ತೊದಲುತ್ತದೆ. ಮನೆಯ ಕನ್ನಡದಲ್ಲಿ ಕಡಿಮೆ, ಶಾಲೆಯ ಜರ್ಮನ್‌ನಲ್ಲಿ ಹೆಚ್ಚು. ಶಾಲೆಯವರೇ ಮುಂದೆ ಬಂದು ಮಾತಿನ ತರಬೇತಿಗೆ ಏರ್ಪಾಡು ಮಾಡಿದರು, ಆ ಉಪಕಾರವನ್ನು ಮರೆತಿಲ್ಲ. ಆದರೆ ತರಬೇತಿಯ ವರದಿಯನ್ನು ಓದಬೇಕಾದರೆ ಅಮೆರಿಕದ ಕಂಪನಿಯೊಂದರ ಕ್ಲೌಡ್‌ನಲ್ಲಿ ಖಾತೆ ತೆರೆದು, ಆ ಕಂಪನಿಯ ಷರತ್ತುಗಳನ್ನು ಒಪ್ಪಿಕೊಳ್ಳಬೇಕು ಎಂದರು. ಕಾಗದದ ಮೇಲೆ ಮುದ್ರಿಸಿ ಕೊಡಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದು ಕೇಳಿಕೊಂಡೆ. ಅಂಥ ಪದ್ಧತಿ ಇಲ್ಲ ಎಂಬ ಉತ್ತರ ಬಂತು. ಮೂರು ವಾರ ತಡೆದು ನೋಡಿ, ಕೊನೆಗೆ ಸೋತು, ಒಂದು ರಾತ್ರಿ ಅಡುಗೆಮನೆಯ ಮೇಜಿನ ಮುಂದೆ ಕುಳಿತು ‘ಒಪ್ಪಿಗೆ’ ಎಂಬ ಗುಂಡಿ ಒತ್ತಿದೆ. ವರದಿಯಲ್ಲಿ ಆರು ಪುಟಗಳಿದ್ದವು. ಮಗು ಯಾವ ಅಕ್ಷರ ಬಂದಾಗ ತಡವರಿಸುತ್ತದೆ, ಹಾಸಿಗೆ ಒದ್ದೆಯಾಗುವುದು ಯಾವ ವಯಸ್ಸಿಗೆ ನಿಂತಿತು, ಊರಿನಲ್ಲಿ ಅಜ್ಜಿ ತೀರಿಕೊಂಡಾಗ ಎಷ್ಟು ದಿನ ಬಾಯಿ ಬಿಡಲಿಲ್ಲ, ಎಲ್ಲವೂ ಅದರಲ್ಲಿತ್ತು. ನೀರು ಕುಡಿಯಲು ಎದ್ದು ಬಂದ ಮಗಳು ಪರದೆಯ ಮೇಲೆ ತನ್ನ ಹೆಸರು ಕಂಡು, ‘ಅಮ್ಮಾ, ಇದನ್ನ ಯಾರ್ಯಾರು ಓದ್ತಾರೆ?’ ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಯುರೋಪಿಯನ್ ಒಕ್ಕೂಟದ ದತ್ತಾಂಶ ಸಂರಕ್ಷಣಾ ಕಾಯಿದೆಯ (ಜಿಡಿಪಿಆರ್) 15ನೇ ವಿಧಿಯಡಿ ನಾನು ಅದೇ ಪ್ರಶ್ನೆಯನ್ನು ಶಾಲೆಗೆ ಬರೆದು ಕೇಳಿದೆ. ಉತ್ತರಕ್ಕೆ ಒಂದು ತಿಂಗಳ ಗಡುವಿದೆ ಎಂಬುದು ತಮಗೆ ತಿಳಿದೇ ಇದೆ. ನನಗೆ ಉತ್ತರ ಬಂದದ್ದು ಐದು ತಿಂಗಳಿಗೆ, ಅದೂ ಎರಡು ಸಾಲು: ಸರ್ವರ್ ಫ್ರಾಂಕ್‌ಫರ್ಟ್‌ನಲ್ಲಿದೆ, ಆತಂಕಕ್ಕೆ ಕಾರಣವಿಲ್ಲ.

ಮಾನ್ಯರೇ, ಈ ಸಮಾಧಾನದ ಮಾತನ್ನು ಇನ್ನೆಷ್ಟು ವರ್ಷ ಕೇಳಬೇಕು? ಅಮೆರಿಕದ ಕಾನೂನಿಗೆ ಒಳಪಟ್ಟ ಕಂಪನಿಯು ತನ್ನ ಹಿಡಿತದಲ್ಲಿರುವ ದತ್ತಾಂಶವನ್ನು, ಅದು ಜಗತ್ತಿನ ಯಾವ ಮೂಲೆಯಲ್ಲಿದ್ದರೂ, ಅಲ್ಲಿನ ಅಧಿಕಾರಿಗಳು ಕಾನೂನುಬದ್ಧವಾಗಿ ಕೇಳಿದಾಗ ಕೊಡಬೇಕು ಎಂದು ಆ ದೇಶದ 2018ರ ಕ್ಲೌಡ್ ಆಕ್ಟ್ ಎಂಬ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. 2025ರ ಜೂನ್‌ನಲ್ಲಿ ಫ್ರಾನ್ಸಿನ ಸೆನೆಟ್ ಸಮಿತಿಯ ಮುಂದೆ ಪ್ರಮಾಣ ಮಾಡಿ ಕುಳಿತ ಮೈಕ್ರೋಸಾಫ್ಟ್ ಫ್ರಾನ್ಸ್‌ನ ಅಧಿಕಾರಿಯನ್ನು, ಫ್ರೆಂಚ್ ಸರ್ಕಾರದ ಒಪ್ಪಿಗೆಯಿಲ್ಲದೆ ನಾಗರಿಕರ ದತ್ತಾಂಶ ಅಮೆರಿಕಕ್ಕೆ ಹೋಗುವುದಿಲ್ಲವೆಂದು ಖಾತರಿ ಕೊಡಬಲ್ಲಿರಾ ಎಂದು ಕೇಳಿದಾಗ, ಅವರು ಕೊಡಲಾಗದು ಎಂದೇ ಹೇಳಿದರು. ಅಂಥ ಪ್ರಸಂಗ ಈವರೆಗೆ ಬಂದಿಲ್ಲವೆಂದೂ ಸೇರಿಸಿದರು. ಕಂಪನಿಯವರೇ ಕೊಡಲಾರದ ಖಾತರಿಯನ್ನು ನಮ್ಮೂರಿನ ಶಾಲೆ ಎರಡು ಸಾಲಿನಲ್ಲಿ ಹೇಗೆ ಕೊಡುತ್ತದೆ?

ಇದು ನಿನ್ನೆ ಮೊನ್ನೆಯ ಅನುಮಾನವಲ್ಲ. 2013ರ ಜೂನ್‌ನಲ್ಲಿ, ಅಮೆರಿಕದ ಬೇಹುಗಾರಿಕಾ ಸಂಸ್ಥೆಗೆ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಬಯಲಿಗೆಳೆದ ಕಡತಗಳಿಂದ, ಆ ದೇಶ ಜನರ ದತ್ತಾಂಶದ ಮೇಲೆ ಕಣ್ಣಿಟ್ಟಿರುವ ವಿಷಯ ಜಗತ್ತಿಗೆ ತಿಳಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಮ್ಮ ಅಂದಿನ ಚಾನ್ಸಲರ್ ಆಂಗೆಲಾ ಮರ್ಕೆಲ್ ಅವರ ಮೊಬೈಲಿನ ಮೇಲೂ ಕಣ್ಣಿತ್ತೆಂಬ ಸುದ್ದಿ ಬಂದಾಗ ಇಡೀ ದೇಶ ಕೆರಳಿತು. ಆಸ್ಟ್ರಿಯಾದ ಮ್ಯಾಕ್ಸ್ ಶ್ರೆಮ್ಸ್ ಕಾನೂನು ವಿದ್ಯಾರ್ಥಿಯಾಗಿದ್ದಾಗ ಹೂಡಿದ ದೂರಿನ ಮೇಲೆ ಯುರೋಪಿಯನ್ ನ್ಯಾಯಾಲಯ ಯುರೋಪಿನ ದತ್ತಾಂಶವನ್ನು ಅಮೆರಿಕಕ್ಕೆ ಕಳುಹಿಸಲು ಬಿಡುವ ವ್ಯವಸ್ಥೆಯನ್ನು 2015ರಲ್ಲಿ ರದ್ದು ಮಾಡಿತು. ಅದರ ಜಾಗಕ್ಕೆ ಬಂದದ್ದನ್ನು 2020ರಲ್ಲಿ ಮತ್ತೆ ರದ್ದು ಮಾಡಿತು. ಆದರೂ 2023ರ ಜುಲೈನಲ್ಲಿ ಯುರೋಪಿಯನ್ ಆಯೋಗ ಮೂರನೆಯದಕ್ಕೆ ಅಂಕಿತ ಹಾಕಿತು. ಹಾಕಬೇಡಿ ಎಂದು ಅದೇ ವರ್ಷದ ಮೇ 11ರಂದು 306 ಮತಗಳಿಂದ ನಿರ್ಣಯ ಮಾಡಿದ್ದು ತಮ್ಮ ಸಂಸತ್ತೇ. ತಮ್ಮದೇ ನಿರ್ಣಯವನ್ನು ಕಡತದಲ್ಲಿ ಕಟ್ಟಿಟ್ಟು ಸುಮ್ಮನೆ ಕೂರುವುದಾದರೆ, ನಾವು ಮತ ಹಾಕಿ ಕಳುಹಿಸಿದ್ದಾದರೂ ಏತಕ್ಕೆ?

ಈ ಮೂರನೆಯ ವ್ಯವಸ್ಥೆಯನ್ನು ಯುರೋಪಿಯನ್ ಒಕ್ಕೂಟದ ಜನರಲ್ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿದಿದೆಯಲ್ಲ ಎಂದು ತಾವು ಹೇಳಬಹುದು. ಆ ತೀರ್ಪು ತೂಗಿ ನೋಡಿದ್ದು 2023ರಲ್ಲಿದ್ದ ಸ್ಥಿತಿಯನ್ನು. ಅಮೆರಿಕದ ಬೇಹುಗಾರಿಕೆಯ ಮೇಲೆ ನಿಗಾ ಇಡಬೇಕಾದ, ನಮ್ಮ ಆಯೋಗವೂ ನೆಚ್ಚಿಕೊಂಡಿದ್ದ ಮಂಡಳಿಯ ಮೂವರು ಸದಸ್ಯರನ್ನು ಅಲ್ಲಿನ ಅಧ್ಯಕ್ಷರು 2025ರ ಜನವರಿಯಲ್ಲಿ ತೆಗೆದುಹಾಕಿದರು. ಒಂದು ಸ್ಥಾನ ಮೊದಲೇ ಖಾಲಿಯಿದ್ದುದರಿಂದ, ಐದು ಮಂದಿ ಇರಬೇಕಾದ ಕಡೆ ಒಬ್ಬರೇ ಉಳಿದರು. ಆಮೇಲೆ ಬದಲಾದ ಈ ಸ್ಥಿತಿಯನ್ನು ತೂಗುವವರು ಯಾರು?

ಆದ್ದರಿಂದ ನನ್ನ ಬೇಡಿಕೆ ಒಂದೇ. ಸರ್ಕಾರಿ ಶಾಲೆ, ಆಸ್ಪತ್ರೆಗಳಲ್ಲಿರುವ ಮಕ್ಕಳ ಮತ್ತು ರೋಗಿಗಳ ಕಡತಗಳನ್ನು ಅಮೆರಿಕದ ಕಾನೂನಿಗೆ ಒಳಪಟ್ಟ ಕಂಪನಿಗಳ ಕೈಯಿಂದ ಬಿಡಿಸಿ, ಅದಕ್ಕೊಂದು ದಿನಾಂಕ ಗೊತ್ತುಮಾಡಿ. ಆಗದ ಕೆಲಸವೆಂದು ಹೇಳಬೇಡಿ. ನಮ್ಮದೇ ದೇಶದ ಶ್ಲೆಸ್ವಿಗ್-ಹೋಲ್ಸ್ಟೈನ್ ರಾಜ್ಯ 2025ರ ಅಕ್ಟೋಬರ್ ಹೊತ್ತಿಗೆ 40,000ಕ್ಕೂ ಹೆಚ್ಚು ಇಮೇಲ್ ಪೆಟ್ಟಿಗೆಗಳನ್ನು ಮೈಕ್ರೋಸಾಫ್ಟ್‌ನಿಂದ ಬಿಡಿಸಿ ಮುಕ್ತ ತಂತ್ರಾಂಶಕ್ಕೆ ತಂದಿತು. ಕಷ್ಟಪಟ್ಟಿದ್ದಾರೆ, ಸಿಬ್ಬಂದಿ ಗೊಣಗಿದ್ದಾರೆ, ಆದರೂ ಮಾಡಿದ್ದಾರೆ. ಒಂದು ರಾಜ್ಯಕ್ಕೆ ಸಾಧ್ಯವಾದದ್ದು ಇಪ್ಪತ್ತೇಳು ದೇಶಗಳ ಒಕ್ಕೂಟಕ್ಕೆ ಏಕೆ ಸಾಧ್ಯವಿಲ್ಲ? ಮಕ್ಕಳ ಕಡತಗಳನ್ನು ಬಿಡಿಸಿ, ದಿನಾಂಕ ಹೇಳಿ. ಅಲ್ಲಿಯವರೆಗೆ ಕಾಗದದ ಪ್ರತಿ ಕೇಳುವ ತಂದೆತಾಯಿಗೆ ಕಾಗದದ ಪ್ರತಿಯನ್ನೇ ಕೊಡುವಂತಾದರೂ ಮಾಡಿ.

ವರದಿಯನ್ನು ಅಲ್ಲಿಂದ ಅಳಿಸಿಹಾಕಿ ಎಂದು ನಾನು ಕೊಟ್ಟ ಅರ್ಜಿ ‘ಪರಿಶೀಲನೆಯಲ್ಲಿದೆ’. ಆ ಆರು ಪುಟಗಳು ಇನ್ನೂ ಅಲ್ಲೇ ಇವೆ. ತಮ್ಮ ಲಿಖಿತ ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.

ಇಂತಿ,
ಜರ್ಮನಿಯಲ್ಲಿರುವ ಒಬ್ಬ ಕನ್ನಡತಿ