ಕೊನೆಯ ಮುದ್ದೆ

ನಾಗವಲ್ಲಿ,
ತುಮಕೂರು ತಾಲ್ಲೂಕು

ಪುಟ್ಟೀ,

ಕಾಡುಪಾಪದ ಕಣ್ಣು ಯಾಕಪ್ಪಾ ಅಷ್ಟು ದೊಡ್ಡದು ಅಂತ ನೀನು ಫೋನಿನಲ್ಲಿ ಕೇಳಿದ್ದೆ. ಆಗ ನಾನು ಬಸ್ಸಿನಲ್ಲಿದ್ದೆ, ಒಂದೇ ಗಲಾಟೆ. ಈಗ ಊಟ ಮುಗಿಸಿ ಬರೆಯುತ್ತಿದ್ದೇನೆ.

ನಿನ್ನಷ್ಟು ವಯಸ್ಸಿದ್ದಾಗ ನಮ್ಮ ಬೇಲಿ ಮೇಲೆ ಒಂದು ಕಂಡಿತ್ತು. ಹೊಸ ಟಾರ್ಚ್ ಸಿಕ್ಕಿದ ಹುರುಪು ಬೇರೆ. ಮುಖಕ್ಕೇ ಬೆಳಕು ಹಿಡಿದೆ. ಎರಡು ಕೆಂಡ ಇಟ್ಟ ಹಾಗೆ ಕಣ್ಣು! ಅದು ಓಡಲಿಲ್ಲ, ಮುಖ ಆಚೆ ತಿರುಗಿಸಿ ಕಡ್ಡಿ ತಬ್ಬಿಕೊಂಡಿತು. ಅಜ್ಜಿ ಹಿಂದಿನಿಂದ ಬಂದು ಟಾರ್ಚ್ ಕಿತ್ತುಕೊಂಡಳು. "ಅದಕ್ಕೆ ಸಿಕ್ಕಿದ್ದೇ ಅದೊಂದು, ಅದನ್ನೂ ಕೆಡಿಸ್ತೀಯೇನೋ?" ಆ ರಾತ್ರಿ ಒಲೆ ಮುಂದೆ ಹೇಳಿದ ಕಥೆ ಇದು.

ದೇವರು ಪ್ರಾಣಿಗಳನ್ನೆಲ್ಲ ಮಾಡಿದ್ದನಂತೆ, ಕಣ್ಣು ಬಾಲ ಮಾತ್ರ ಬಾಕಿ. ದೊಡ್ಡ ಮಡಕೆಯಲ್ಲಿ ಹಿಟ್ಟು ತೊಳಸಿ ಎಲ್ಲರನ್ನೂ ಕರೆದ. ಕೋತಿ ಎರಡು ಸಲ ಸಾಲಿನಲ್ಲಿ ನಿಂತು ಅಷ್ಟುದ್ದ ಬಾಲ ಹೊಡೆದುಕೊಂಡು ಹೋಯಿತು. ಅಳಿಲೂ ಬಾಲಕ್ಕೇ ಜಾಸ್ತಿ ಹಾಕಿಸಿಕೊಂಡಿತು. ಕಾಡುಪಾಪ ಮಾತ್ರ ಇನ್ನೂ ಬರುತ್ತಲೇ ಇತ್ತು. ಮುಂದಿನ ಕೊಂಬೆ ಗಟ್ಟಿಯಾಗಿ ಸಿಗುವ ತನಕ ಹಿಂದಿನದನ್ನು ಬಿಡುವ ಜಾತಿಯಲ್ಲ ಅದು. ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ದೇವರು ಕೈ ತೊಳೆಯಲು ಎದ್ದಿದ್ದ.

"ಹಗಲೆಲ್ಲ ಹಂಚಿ ಆಯ್ತಲ್ಲಮ್ಮ, ರಾತ್ರಿ ಒಂದೇ ಉಳಿದಿರೋದು. ಮಡಕೆ ತಳದಲ್ಲಿ ಒಂದು ಮುದ್ದೆಯಷ್ಟಿದೆ. ಬಾಲ ಬೇಕೋ ಕಣ್ಣು ಬೇಕೋ?"

"ಕತ್ತಲಲ್ಲಿ ಬಾಲ ಯಾರು ನೋಡ್ತಾರೆ? ಕಣ್ಣೇ ಹಾಕಿ ಸ್ವಾಮಿ."

ದೇವರು ಮಡಕೆ ಬಳಿದು, ಎರಡು ಪಾಲು ಮಾಡಿ ಮುಖಕ್ಕೆ ಒತ್ತಿಬಿಟ್ಟ. ಕೊನೆಯ ಮುದ್ದೆ ದೊಡ್ಡದಾಗೇ ಬರೋದು, ಅಲ್ವಾ? ನಿಮ್ಮಮ್ಮ ಅದನ್ನು ನನ್ನ ತಟ್ಟೆಗೇ ಹಾಕುತ್ತಾಳೆ.

ನಿಮ್ಮ ಟೀಚರ್ ಇದಕ್ಕೆ ಮಾರ್ಕ್ಸ್ ಕೊಡಲಿಕ್ಕಿಲ್ಲ. ಅವರಿಗೆ ಹೀಗೆ ಬರೆ. ಕಾಡುಪಾಪ ರಾತ್ರಿ ಹುಳ, ಇರುವೆ ಹುಡುಕಿ ತಿನ್ನುವ ಪ್ರಾಣಿ. ಕಣ್ಣು ದೊಡ್ಡದಿದ್ದರೆ ಇರುವ ಚೂರು ಬೆಳಕೇ ಜಾಸ್ತಿ ಒಳಗೆ ಹೋಗುತ್ತದೆ. ಕಣ್ಣಿನ ಹಿಂದೆ ಕನ್ನಡಿಯಂಥ ಒಂದು ಪದರವಿದೆ, ಅದು ಬೆಳಕನ್ನು ವಾಪಸ್ ಎಸೆಯುತ್ತದೆ. ನಾನು ಕಂಡ ಕೆಂಡ ಅದೇ.

ಒಂದು ಸಂಗತಿ ಅಜ್ಜಿಯ ಕಥೆಯಲ್ಲಿ ಇರಲಿಲ್ಲ. ಕಾಡುಪಾಪಕ್ಕೆ ನೆಗೆಯಲು ಬರುವುದಿಲ್ಲ, ಮರಕ್ಕೆ ಮರ ತಾಗಿರಬೇಕು. ಅವಳ ಕಾಲದಲ್ಲಿ ತಾಗಿಕೊಂಡೇ ಇದ್ದವು, ಹೇಳುವ ಅಗತ್ಯ ಬರಲಿಲ್ಲವೇನೋ. ಈಗ ನಡುವೆ ಒಂದು ಹುಣಸೆಮರ ಕಡಿದರೂ ಅದು ನೆಲಕ್ಕಿಳಿದು ರಸ್ತೆ ದಾಟಬೇಕು, ಆ ನಿಧಾನದಲ್ಲಿ! ಮಾಟ ಮಂತ್ರಕ್ಕೆ ಅಂತ ಹಿಡಿಯುವವರು ಬೇರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ ಇದೆ. ಆದರೂ ಹಿಡಿಯುತ್ತಾರೆ.

ದಸರಾ ರಜೆಗೆ ಬಾ, ಹೋಗಿ ನೋಡೋಣ. ಟಾರ್ಚಿಗೆ ಸುತ್ತಲು ಕೆಂಪು ಜಿಲೇಟಿನ್ ಕಾಗದ ತಂದಿಟ್ಟಿದ್ದೇನೆ. ಗೆಜ್ಜೆ ಮಾತ್ರ ಮನೆಯಲ್ಲೇ ಬಿಚ್ಚಿಡಬೇಕು.

ನಿನ್ನ ಅಪ್ಪ